ಕೊನೆಯ ಬುಟ್ಟಿ ಬರುವವರೆಗೆ

ನಾನು ಹುಟ್ಟಾ ಹೆದರುಪುಕ್ಕಲಿ. ಉಪ್ಪುಂದದ ಕಡಲ ದಂಡೆಯಲ್ಲಿ ಹುಟ್ಟಿದವಳು ಗಾಳಿಗೆ ಹೆದರುವುದುಂಟೇ ಎಂದು ನಮ್ಮ ಕೇರಿಯವರೆಲ್ಲ ನಗುತ್ತಿದ್ದರು. ಗಾಳಿಗೆ ಹೆದರದವರು ಗಾಳಿಯ ದಿನ ಯಾರಿಗಾಗಿಯೂ ಕಾದು ಕೂತವರಲ್ಲ ಎಂಬುದು ನನ್ನ ಅಭಿಪ್ರಾಯ. ಅಪ್ಪಯ್ಯ ಕಡಲಿಗೆ ಹೋಗುತ್ತಿದ್ದರು, ಆಮೇಲೆ ತಮ್ಮ ರಾಘು ಹೋದ. ನಾನು ಮಾತ್ರ ಕಡಲಿಗೆ ಬೆನ್ನು ಹಾಕಿ ಕುಂದಾಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆಯುವ ಕೆಲಸ, ಅಲ್ಲಿ ಗಾಳಿಯ ಸದ್ದು ಕೇಳುವುದಿಲ್ಲ. ಕಡಲನ್ನು ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. ಆದರೆ ಹಣೆಯಲ್ಲಿ ಬರೆದದ್ದು ಬೇರೆಯೇ ಇತ್ತು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿತ್ರ ಹುಡುಕುವ ಕೆಲಸವೆಂದರೆ ತಣ್ಣಗೆ ಎಸಿ ಕೋಣೆಯಲ್ಲಿ ಕೂತು ಗುಂಡಿ ಒತ್ತುವುದು ಎಂದು ನೀವು ತಿಳಿದಿದ್ದರೆ, ನಾನೂ ಹಾಗೆಯೇ ತಿಳಿದಿದ್ದೆ.

ಸ್ಟುಡಿಯೋಗಳ ಕಾಲ ಮುಗಿದ ಮೇಲೆ ಒಂದು ಸಣ್ಣ ಕಚೇರಿಗೆ ಸೇರಿದೆ. ಹಳೆಯ ಕಟ್ಟಡದ ಮಾಳಿಗೆ, ಕೆಳಗೆ ಬಲೆ ಮತ್ತು ಹಗ್ಗದ ಅಂಗಡಿ. ಬೋಟಿನವರ ಸಂಘವೊಂದಕ್ಕೆ ಬೇಕಾದ ಚಿತ್ರಗಳನ್ನು ಇಟ್ಟುಕೊಂಡು, ಕೇಳಿದಾಗ ಹುಡುಕಿಕೊಡುವುದು ನಮ್ಮ ಕೆಲಸ. ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ, ಬೈಂದೂರು ಕಡೆಯ ಕೊಡೇರಿಯಲ್ಲಿ, ಬ್ರಹ್ಮಾವರ ಕಡೆಯ ಹಂಗಾರಕಟ್ಟೆಯಲ್ಲಿ ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದರು. ಹೊರಗೆ ಹೋಗುವ, ಒಳಗೆ ಬರುವ ಬೋಟುಗಳ ಚಿತ್ರಗಳೆಲ್ಲ ನಮ್ಮಲ್ಲಿಗೆ ಬಂದು ಬೀಳುತ್ತಿದ್ದವು. ಗಾಳಿ ಎದ್ದರೆ ಬೋಟು ಹೊರಟಲ್ಲಿಗೇ ಮರಳುತ್ತದೆ ಎಂದಿಲ್ಲ. ಜೀವ ಉಳಿದರೆ ಸಾಕೆಂದು ಹತ್ತಿರದ ಅಳಿವೆಗೆ ನುಗ್ಗುತ್ತದೆ. ಮೊಬೈಲು ನೆನೆದಿರುತ್ತದೆ, ವಯರ್‌ಲೆಸ್ಸು ಕೆಟ್ಟಿರುತ್ತದೆ. ಆಗ ಮನೆಯವರು ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಮೊಬೈಲಿನಲ್ಲಿ ಬೋಟಿನ ಒಂದು ಫೋಟೋ ಇದ್ದೇ ಇರುತ್ತಿತ್ತು. ಅದನ್ನು ಯಂತ್ರಕ್ಕೆ ಕೊಟ್ಟು, ಇಂಥದ್ದು ಎಲ್ಲಾದರೂ ಒಳಗೆ ಬಂದಿದೆಯೇ ಎಂದು ಕೇಳಬೇಕು.

ಬಂದದ್ದು ಕಂಡರೆ ಪಟ್ಟಿಯಲ್ಲಿ ಆ ಬೋಟಿನ ಮುಂದೆ ಗುರುತು ಬೀಳುತ್ತದೆ. ಗುರುತು ಬಿದ್ದ ಬೋಟನ್ನು ಹುಡುಕಲು ಯಾರೂ ಹೋಗುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ನನ್ನ ಹೆದರಿಕೆ ಎಂಥದ್ದೆಂದು ನಿಮಗೆ ತಿಳಿಯುತ್ತದೆ.

ಮೊದಲಿದ್ದದ್ದು ಮುದಿ ಯಂತ್ರ. ಒಂದು ಚಿತ್ರ ತೆಗೆದು, ಅದರ ಬಣ್ಣ, ಅಂಚು, ಆಕಾರ ಎಲ್ಲವನ್ನೂ ಕೇಳಿದ ಚಿತ್ರದ ಜೊತೆ ಹೋಲಿಸಿ, ಬದಿಗಿಟ್ಟು, ಮತ್ತೊಂದನ್ನು ತೆಗೆಯುತ್ತಿತ್ತು. ನಾವು ಚಾ ಕುಡಿದು, ಊಟ ಮುಗಿಸಿ ಬಂದರೂ ಅದರ ಪಾಡಿಗೆ ಅದು ಹುಡುಕುತ್ತಲೇ ಇರುತ್ತಿತ್ತು. ಸುಖದ ದಿನಗಳಲ್ಲಿ ಅದೊಂದು ತಮಾಷೆ. ಕಷ್ಟದ ದಿನ ಬಂದಾಗ ತಮಾಷೆಯಾಗಿ ಉಳಿಯಲಿಲ್ಲ. ಕೊಡೇರಿ ಕಡೆಯ ಒಂದು ನಾಡದೋಣಿ ಬಾರದೆ ಹೋದ ದಿನ, ಅದು ಎಲ್ಲಿಯೂ ಒಳಗೆ ಬಂದಿಲ್ಲ ಎಂದು ಯಂತ್ರ ಹೇಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹುಡುಕಲು ಹೊರಟ ಬೋಟುಗಳು ಅರ್ಧ ದಾರಿಯಿಂದ ವಾಪಸು ಬಂದವು. ಮರುದಿನ ಸಿಕ್ಕಿದ್ದು ದೋಣಿ ಮಾತ್ರ.

ನಮ್ಮ ಮೇಲಿನವರು ಐತಾಳರು. ಕೋಟದ ಕಡೆಯವರು, ಮನೆಯಲ್ಲಿ ತಲೆತಲಾಂತರದಿಂದ ದೇವಸ್ಥಾನದ ಪೂಜೆ. ಇವರೊಬ್ಬರು ಕಂಪ್ಯೂಟರು ಕಲಿತು ಈಚೆ ಬಂದವರು. ಆ ದಿನದ ನಂತರ ಅವರು ಬೇರೆ ಮನುಷ್ಯರೇ ಆಗಿಬಿಟ್ಟರು. ಮಾತು ಕಡಿಮೆಯಾಯಿತು, ಸಿಟ್ಟು ಹೆಚ್ಚಾಯಿತು. ಯಾರು ಏನೇ ಹೇಳಲಿ, ಅವರ ಬಾಯಲ್ಲಿ ಬೇಗ ಆಗಬೇಕು ಎಂಬ ಒಂದೇ ಮಾತು.

“ಬೇಗ ಆಯ್ಕ್, ನಾಗವೇಣಿ. ಎಂತ ಮಾಡಿರೂ ಅಡ್ಡಿಲ್ಲ, ಬೇಗ ಆಯ್ಕ್.”

ಅವರಿಗೂ ಹೆದರಿಕೆಯೇ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. ನನ್ನ ಹೆದರಿಕೆ ನನ್ನನ್ನು ನಿಧಾನ ಮಾಡುತ್ತಿತ್ತು, ಅವರ ಹೆದರಿಕೆ ಅವರನ್ನು ಓಡಿಸುತ್ತಿತ್ತು.

ಎಲ್ಲೆಲ್ಲೋ ಓಡಾಡಿ, ಯಾರ್ಯಾರದೋ ಕೈಕಾಲು ಹಿಡಿದು ಐತಾಳರು ಹೊಸ ಯಂತ್ರ ತರಿಸಿದರು. ಅದರ ಮಿದುಳಿನೊಳಗೆ ಕೋರ್ ಎಂದು ಕರೆಯುವ ಹಲವು ಸಣ್ಣ ಮಿದುಳುಗಳು. ಎಲ್ಲವೂ ಒಟ್ಟಿಗೆ ಕೆಲಸ ಮಾಡಬಲ್ಲವು. ಆದರೆ ಹಳೆಯ ಪ್ರೋಗ್ರಾಂ ಹಾಕಿ ನೋಡಿದರೆ ಒಂದು ಕೋರ್ ಬೆವರು ಸುರಿಸುತ್ತಿತ್ತು, ಉಳಿದವೆಲ್ಲ ಕೈಕಟ್ಟಿ ಕೂತಿದ್ದವು. ಕೆಲಸವನ್ನು ಹಂಚಿಕೊಡಬೇಕು, ತಾವಾಗಿಯೇ ಹಂಚಿಕೊಳ್ಳುವ ಬುದ್ಧಿ ಅವಕ್ಕಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಮತ್ತು ಐತಾಳರು.

ನನಗೆ ಅದು ಅರ್ಥವಾದದ್ದು ಗಂಗೊಳ್ಳಿ ಬಂದರಿನ ಮೀನಿನ ರಾಶಿಯಿಂದ. ಬೋಟಿನಿಂದ ರಾಶಿ ಸುರಿದ ಕೂಡಲೇ ಹೆಂಗಸರು ಸುತ್ತ ಕೂತು, ತಮ್ಮ ಎದುರಿಗಿದ್ದಷ್ಟನ್ನು ಎಳೆದುಕೊಂಡು, ಬಂಗುಡೆ ಬೇರೆ, ಸಿಗಡಿ ಬೇರೆ ಮಾಡಿ ತಮ್ಮ ತಮ್ಮ ಬುಟ್ಟಿಗೆ ಹಾಕುತ್ತಾರೆ. ಒಬ್ಬಳೇ ಕೂತರೆ ಮಧ್ಯಾಹ್ನದ ಹೊತ್ತಿಗೆ ಮೀನು ಹಾಳು. ಕೋರ್‌ಗಳಿಗೂ ಹಾಗೆಯೇ ಚಿತ್ರಗಳ ರಾಶಿಯನ್ನು ಪಾಲು ಮಾಡಿ ಹಂಚಿದೆವು. ಮೊದಲ ಸಲ ಓಡಿಸಿದಾಗ ಉತ್ತರ ಎಷ್ಟು ಬೇಗ ಬಂತೆಂದರೆ ಐತಾಳರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದುಬಿಟ್ಟರು.

ಆ ಸಂತೋಷ ವಾರ ಕಳೆಯುವವರೆಗೂ ಬಾಳಲಿಲ್ಲ. ಒಂದು ದಿನ ಒಳಗೆ ಬಂದ ಬೋಟುಗಳ ಪಟ್ಟಿ ಕಳಿಸಿದೆವು. ಅದರಲ್ಲಿ ಒಂದು ಬೋಟಿನ ಹೆಸರಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಬೋಟಿನ ತಾಂಡೇಲನೇ ಒದ್ದೆ ಲುಂಗಿಯಲ್ಲಿ ಮೆಟ್ಟಿಲು ಹತ್ತಿ ಬಂದ. ತಾಂಡೇಲ ಎಂದರೆ ಬೋಟು ನಡೆಸುವವನು.

“ಹ್ವಾಯ್, ಇಲ್ಕಾಣಿ! ನಾನ್ ನಿಮ್ ಎದ್ರಿಗೆ ನಿಂತ್ಕಂಡಿದ್ದೆ. ನಿಮ್ ಪೆಟ್ಟಿಗಿ ನಾ ಬರ್ಲ ಅಂತ್ ಅಲ್ದಾ? ಮನಿಯಗೆ ಹೆಂಡ್ತಿ ಮರ್ಕ್ತಾ ಇತ್ತ್, ಅದಕ್ಕೆ ಯಾರ್ ಹೇಳೂದ್?”

ಅವನ ಹೆಂಡತಿ ಮನೆಯಲ್ಲಿ ಅಳುತ್ತಿದ್ದಳು, ನಾವು ನಗಲೂ ಆಗದೆ ಅಳಲೂ ಆಗದೆ ನಿಂತಿದ್ದೆವು. ಹುಡುಕಿ ನೋಡಿದರೆ ತಪ್ಪು ಬುಟ್ಟಿಯಲ್ಲಿತ್ತು. ಹುಡುಕುವವರು ಹಲವರಾದರೂ, ಸಿಕ್ಕಿದ್ದನ್ನು ಹಾಕಲು ನಾವು ಎಲ್ಲರಿಗೂ ಒಂದೇ ಬುಟ್ಟಿ ಇಟ್ಟಿದ್ದೆವು. ಎರಡು ಕೋರ್‌ಗಳು ಒಂದೇ ಗಳಿಗೆಯಲ್ಲಿ ಒಂದೇ ಜಾಗದಲ್ಲಿ ಬರೆದರೆ ಒಂದರ ಬರಹವನ್ನು ಇನ್ನೊಂದು ಅಳಿಸಿಬಿಡುತ್ತದೆ. ದಿನವೂ ಆಗುವುದಿಲ್ಲ, ಯಾವಾಗಲೋ ಒಮ್ಮೆ ಆಗುತ್ತದೆ. ಭಯಂಕರವಾದದ್ದು ಅದೇ. ದಿನವೂ ಕೆಡುವ ಯಂತ್ರವನ್ನು ಯಾರೂ ನಂಬುವುದಿಲ್ಲ, ಯಾವಾಗಲೋ ಒಮ್ಮೆ ಕೆಡುವುದನ್ನು ಎಲ್ಲರೂ ನಂಬುತ್ತಾರೆ. ಅಂದಿನಿಂದ ಒಂದೊಂದು ಕೋರ್‌ಗೂ ಅದರದೇ ಬುಟ್ಟಿ ಕೊಟ್ಟೆವು. ಎಲ್ಲ ಬುಟ್ಟಿಗಳು ಬಂದ ಮೇಲೆ ಒಬ್ಬರು ಮಾತ್ರ ಕೂತು ಕೂಡಿಸುವುದು.

ಇದರಿಂದ ಇನ್ನೊಂದು ಫಜೀತಿ. ಎಲ್ಲ ಬುಟ್ಟಿಗಳು ಬರಬೇಕೆಂದರೆ ಎಲ್ಲರಿಗಿಂತ ನಿಧಾನದವಳಿಗಾಗಿ ಉಳಿದವರೆಲ್ಲ ಕಾಯಬೇಕು. ಗಂಗೊಳ್ಳಿಯ ಪಾಲು ಸಿಕ್ಕಿದ ಕೋರ್ ಯಾವಾಗಲೂ ಹಿಂದೆ ಬೀಳುತ್ತಿತ್ತು, ಅಲ್ಲಿ ಬೋಟುಗಳ ಓಡಾಟ ಹೆಚ್ಚು. ಪಾಲನ್ನು ಸಮ ಮಾಡಬೇಕು ಎಂದು ನಾನು. ಅಷ್ಟು ತಾಳ್ಮೆ ಐತಾಳರಿಗೆಲ್ಲಿ? ಅವರು ಒಂದು ಹೊಸ ನಿಯಮ ತಂದರು. ಯಾವುದಾದರೂ ಒಂದು ಕೋರ್‌ಗೆ ಸಾಕಷ್ಟು ಹೋಲುವ ಚಿತ್ರ ಸಿಕ್ಕಿದರೆ ಸಾಕು, ಉಳಿದವೆಲ್ಲ ಆ ಕೂಡಲೇ ಕೆಲಸ ನಿಲ್ಲಿಸಬೇಕು.

“ಸಿಕ್ಕಿದ್ ಮೇಲೆ ಮತ್ತೆ ಹುಡ್ಕೂದ್ ಎಂತಕೆ? ಕಳ್ದ್ ಬೀಗದ ಕೈ ಸಿಕ್ಕಿದ್ ಮೇಲೂ ನೀ ಮನಿಯೆಲ್ಲ ಗುಡ್ಸ್ತ್ಯಾ?” ಎಂದರು.

ಅವರು ಹೇಳಿದ ನಿಯಮವನ್ನು ಪ್ರೋಗ್ರಾಮಿಗೆ ಸೇರಿಸಿದೆ. ಆದರೂ ಅದರಲ್ಲೇನೋ ತಪ್ಪಿದೆ ಎಂದು ಅನಿಸುತ್ತಲೇ ಇತ್ತು. ಯಾಕೆಂದು ಆಗ ಹೇಳಲು ತಿಳಿಯಲಿಲ್ಲ.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಬೋಟುಗಳನ್ನು ಮೇಲೆ ಎಳೆದಿಟ್ಟಿರುತ್ತಾರೆ. ಮತ್ತೆ ಕಡಲಿಗಿಳಿಸುವ ಮೊದಲು ಹೊಸ ಬಣ್ಣ ಬಳಿಯಲೇಬೇಕು. ಹಾಗಾಗಿ ಹೋದ ವರ್ಷದ ಚಿತ್ರಗಳು ನಮಗೆ ಈ ವರ್ಷ ಕೆಲಸಕ್ಕೆ ಬಾರದವು. ಜೊತೆಯಾಗಿ ಹೋಗುವ ಎರಡು ಬೋಟುಗಳಿದ್ದರಂತೂ ಎರಡಕ್ಕೂ ಒಂದೇ ಬಣ್ಣ. ಒಂದೇ ಡಬ್ಬಿಯ ಬಣ್ಣ, ಒಬ್ಬನೇ ಪೇಂಟರು, ಅದೇ ಪಟ್ಟೆ, ಅದೇ ಹೂವು. ಕಡಲಿನಲ್ಲಿ ಒಬ್ಬರ ಕಷ್ಟ ಇನ್ನೊಬ್ಬರದು ಎಂಬುದಕ್ಕೆ ಅದೇ ಗುರುತು, ಅದೇ ಪ್ರಮಾಣ. ನನ್ನ ತಮ್ಮ ರಾಘು ತಾಂಡೇಲನಾಗಿದ್ದ ಬೋಟು ಮತ್ತು ಅವನ ಗೆಳೆಯ ಭಾಸ್ಕರನ ಬೋಟು ಹಾಗೆ ಜತೆಯವು. ಗಂಗೊಳ್ಳಿಯಿಂದ ಹೊರಡುವ ಎರಡಕ್ಕೂ ಹಸಿರು ಮೈ, ಅದರ ಮೇಲೆ ಹಳದಿ ಪಟ್ಟೆ. ಪಟ್ಟೆ ಬಳಿದ ದಿನ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದು, ಯಾರ ಬೋಟು ಚಂದ ಎಂದು ಜಗಳವಾಡಿದ್ದರು.

ಗಾಳಿ ಎದ್ದದ್ದು ಬೋಟುಗಳು ಕಡಲಿಗಿಳಿದು ಹೆಚ್ಚು ದಿನವಾಗುವ ಮೊದಲೇ. ಬೆಳಿಗ್ಗೆ ಬಿಸಿಲಿತ್ತು. ನಾನು ಬಸ್ಸಿಳಿಯುವ ಹೊತ್ತಿಗೆ ಪಡುವಣದ ಮೋಡ ಕಪ್ಪಾಗಿ ಕೆಳಗಿಳಿದಿತ್ತು. ಕಚೇರಿಯ ಕಿಟಕಿಯ ಬಾಗಿಲು ಬಡಿದುಕೊಳ್ಳತೊಡಗಿತು. ರಾಘು ಕಡಲಿನಲ್ಲಿದ್ದ.

ಸ್ವಲ್ಪ ಹೊತ್ತಿನಲ್ಲೇ ಮೆಟ್ಟಿಲ ಮೇಲೆ ಜನ. ಬೋಟುಗಳು ಸಿಕ್ಕ ಸಿಕ್ಕ ಅಳಿವೆಗೆ ನುಗ್ಗುತ್ತಿವೆ ಎಂಬ ಸುದ್ದಿ ಬಂದಿತ್ತು. ಎಲ್ಲರಿಗಿಂತ ಮುಂದೆ ನನ್ನ ತಮ್ಮನ ಹೆಂಡತಿ ವನಜ. ಕೊಡೆ ಎಲ್ಲೋ ಹಾರಿಹೋಗಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು. ಮೊಬೈಲನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

“ಅತ್ತಿಗೆ, ಬಂತಾ ಕಾಣಿ. ಒಂದ್ ಸಲ ಬಂತಾ ಅಂತ ಕಾಣಿ.”

ಅವಳ ಮೊಬೈಲಿನಲ್ಲಿದ್ದ ಬೋಟಿನ ಫೋಟೋ ಹಾಕಿ ಗುಂಡಿ ಒತ್ತಿದೆ. ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು. ಹಂಗಾರಕಟ್ಟೆ ಅಳಿವೆಯೊಳಗೆ ಬರುತ್ತಿರುವ ಹಸಿರು ಬೋಟು, ಹಳದಿ ಪಟ್ಟೆ. ಕ್ಯಾಮೆರಾದ ಗಾಜಿನ ಮೇಲೆ ಮಳೆಹನಿ, ಮುಂಭಾಗದಲ್ಲಿ ಬಲೆಯ ರಾಶಿ ಬಿದ್ದು ಹೆಸರು ಮುಚ್ಚಿಹೋಗಿದೆ. ಆದರೆ ಆ ಬಣ್ಣ ಇನ್ಯಾರದು? ಪಟ್ಟಿಯಲ್ಲಿ ರಾಘುವಿನ ಬೋಟಿಗೆ ಗುರುತು ಬಿತ್ತು. ವನಜ ನೆಲದಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಯಾರೋ ಅವಳಿಗೆ ನೀರು ಕೊಟ್ಟರು.

ಜನರ ನಡುವೆ ದಾರಿ ಮಾಡಿಕೊಂಡು ಭಾಸ್ಕರನ ಹೆಂಡತಿ ಗಿರಿಜ ಬಂದಳು. ಗಂಗೊಳ್ಳಿಯಲ್ಲಿ ಮೀನು ವ್ಯಾಪಾರ ಅವಳದು, ಗಟ್ಟಿ ಹೆಂಗಸು. ಮೊಬೈಲು ಮುಂದೆ ಹಿಡಿದಳು. ಅದರಲ್ಲಿದ್ದ ಫೋಟೋ ಹಾಕಿದೆ. ಮತ್ತೆ ಅಷ್ಟೇ ಬೇಗ ಉತ್ತರ. ಹಂಗಾರಕಟ್ಟೆ. ಹಸಿರು ಬೋಟು, ಹಳದಿ ಪಟ್ಟೆ, ಗಾಜಿನ ಮೇಲೆ ಮಳೆಹನಿ.

ಅದೇ ಚಿತ್ರ.

ಗಿರಿಜ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಹಾಗೆಯೇ ತಿರುಗಿ, ನೆಲದಲ್ಲಿ ಕೂತಿದ್ದ ವನಜಳನ್ನು ನೋಡಿದಳು. ಗೋಡೆಗೆ ಒರಗಿ ನಿಂತುಕೊಂಡಳು.

“ಎರಡೂ ಬಂತ್!” ಎಂದರು ಐತಾಳರು. ಅಷ್ಟು ಹೊತ್ತಿಗೆ ಹಂಗಾರಕಟ್ಟೆಯಿಂದ ಫೋನೂ ಬಂತು. ಅಲ್ಲಿ ದಡ ಸೇರಿದ ಭಾಸ್ಕರ ಯಾರದೋ ಮೊಬೈಲಿನಿಂದ, ರಾಘುವಿನ ಬೋಟು ಎಲ್ಲಿಯಾದರೂ ಬಂತೇ ಎಂದು ಕೇಳಿಸಿದ್ದನೆಂದು ಆಮೇಲೆ ತಿಳಿಯಿತು. ಮಳೆಯ ಆರ್ಭಟದಲ್ಲಿ ಆಗ ಕೇಳಿಸಿದ್ದು ಜತೆ ಬೋಟು ಬಂತೇ ಎಂಬುದಷ್ಟೇ, ಕೇಳಿದವರು ಯಾರೆಂದು ಕೇಳಿಸಲಿಲ್ಲ. ಐತಾಳರು ಪಟ್ಟಿ ನೋಡಿ, “ಬಂದಿತ್ತ್, ಎರಡೂ ಬಂದಿತ್ತ್, ಹೆದ್ರಬೇಡಿ ಅನ್ನಿ” ಎಂದು ಕೂಗಿ ಫೋನಿಟ್ಟುಬಿಟ್ಟರು.

ನಾನು ಎರಡು ಉತ್ತರಗಳನ್ನೂ ಅಕ್ಕಪಕ್ಕ ತೆರೆದು ನೋಡಿದೆ. ಒಂದು ಚಿತ್ರ, ಇಬ್ಬರು ಹೆಂಗಸರು. ಒಂದೇ ಬೋಟನ್ನು ಎರಡು ಮನೆಗೆ ಹಂಚಿದ್ದೆವು.

“ಸಾರ್, ಇದ್ ಒಂದೇ ಬೋಟ್. ಎರಡ್ ಅಲ್ಲ. ಪೂರ್ತಿ ಹುಡ್ಕುವ,” ಎಂದೆ.

“ಪೂರ್ತಿ ಹುಡ್ಕೂಕ್ ಈಗ ಪುರ್ಸೊತ್ತಿತ್ತಾ? ಹೊರ್ಗೆ ಜನ ಕಾಣ್!”

ಆಗಲೇ ಕರೆಂಟು ಹೋಯಿತು. ಯಂತ್ರ ಬ್ಯಾಟರಿಯ ಮೇಲೆ ಉಸಿರಾಡತೊಡಗಿತು. ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ಓಡಿಸಿದರೆ ಬ್ಯಾಟರಿಯನ್ನು ಕುಡಿದುಬಿಡುತ್ತವೆ. ನಡುವೆ ನಿಂತುಹೋದರೆ ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕೊಡೇರಿಯ ದೋಣಿ ನನ್ನ ಕಣ್ಣ ಮುಂದೆ ಬಂತು. ಐತಾಳರ ಕಣ್ಣ ಮುಂದೆಯೂ ಅದೇ ಬಂದಿರಬೇಕು, ಅವರ ಮುಖ ಸುಣ್ಣ ಬಳಿದ ಗೋಡೆಯ ಹಾಗಾಗಿತ್ತು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ‘ಇದೆ’ ಎನ್ನಲು ಒಂದು ಚಿತ್ರ ಸಾಕು. ‘ಇಲ್ಲ’ ಎನ್ನಬೇಕಾದರೆ ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸಬೇಕು. ಬೀಗದ ಕೈ ಒಂದೇ ಇದ್ದಾಗ ಐತಾಳರ ಮಾತು ಸರಿ. ಒಂದರ ಹಾಗೆ ಇನ್ನೊಂದಿದ್ದರೆ, ಮೊದಲು ಸಿಕ್ಕಿದ್ದು ಯಾವುದೆಂದು ಯಾರು ಹೇಳಬೇಕು? ಅಂದು ನನಗೆ ಹೇಳಲು ಬಾರದೆ ಹೋದದ್ದು ಇದೇ ಪ್ರಶ್ನೆ. ಅದಕ್ಕೆ ಮಾತು ಸಿಕ್ಕಿದ್ದು ನನ್ನ ತಮ್ಮನ ಜೀವ ನಡುವೆ ಬಂದ ಮೇಲೆ.

ಮೊದಲು ಸಿಕ್ಕಿದ್ದಕ್ಕೆ ನಿಲ್ಲುವ ನಿಯಮವನ್ನು ನಾನು ತೆಗೆದುಹಾಕಿದೆ. ಐತಾಳರು ತಡೆಯಲಿಲ್ಲ. ಆ ದಿನದ ಚಿತ್ರಗಳನ್ನು ಮಾತ್ರ ಆರಿಸಿ, ಗಂಗೊಳ್ಳಿಯ ರಾಶಿಯನ್ನು ಒಂದೇ ಕೋರ್‌ಗೆ ಕೊಡದೆ ಹಲವಕ್ಕೆ ಒಡೆದು ಹಾಕಿದೆ. ಬ್ಯಾಟರಿ ತಡೆಯಲೆಂದು ಅರ್ಧ ಕೋರ್‌ಗಳನ್ನಷ್ಟೇ ಓಡಿಸಿದೆ. ನಿಧಾನವಾದರೂ ಚಿಂತೆಯಿಲ್ಲ, ಮುಗಿಯಬೇಕು.

ಕಾಯುವುದೆಂದರೇನು ಎಂದು ಅಂದು ತಿಳಿಯಿತು. ಪರದೆಯ ಮೇಲೆ ಒಂದೊಂದೇ ಪಾಲು ಮುಗಿಯುತ್ತಿತ್ತು. ಕೊಡೇರಿ ಖಾಲಿ. ಹಂಗಾರಕಟ್ಟೆಯಿಂದ ಅದೇ ಒಂದು ಬೋಟಿನ ಚಿತ್ರಗಳು, ಹಿಂದಿನಿಂದ, ಮುಂದಿನಿಂದ. ಗಂಗೊಳ್ಳಿಯ ಒಂದು ಪಾಲು ಖಾಲಿ, ಮತ್ತೊಂದು ಖಾಲಿ. ಕೊನೆಗೆ ಉಳಿದದ್ದು ಒಂದೇ ಬುಟ್ಟಿ. ನಾನು ಯಂತ್ರವನ್ನೇ ದೇವರು ಮಾಡಿಕೊಂಡು ಬೇಡುತ್ತಿದ್ದೆ. ಕಿಟಕಿಯ ಬಾಗಿಲು ಬಡಿಯುತ್ತಲೇ ಇತ್ತು. ವನಜ ಅಳು ನಿಲ್ಲಿಸಿ ನನ್ನ ಮುಖ ನೋಡತೊಡಗಿದ್ದಳು.

ಕೊನೆಯ ಬುಟ್ಟಿಯೂ ಖಾಲಿ ಬಂತು.

ಎರಡು ಬೋಟುಗಳಲ್ಲಿ ಒಂದು ಕಡಲಿನಲ್ಲೇ ಇತ್ತು. ಯಾವುದು? ಹಂಗಾರಕಟ್ಟೆಯ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿದೆ. ಒಂದರಲ್ಲಿ ಮಾತ್ರ ಬೋಟು ಸ್ವಲ್ಪ ತಿರುಗಿತ್ತು. ತಾಂಡೇಲ ನಿಲ್ಲುವ ಗೂಡಿನ ಕಿಟಕಿಗೆ ಗಾಜಿರಲಿಲ್ಲ, ಒಂದು ಹಲಗೆ ಹೊಡೆದಿತ್ತು. ನನಗೆ ಅದು ಯಾರ ಬೋಟಿನದೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಪರದೆ ತಿರುಗಿಸಿ ಕೇಳಿದೆ.

“ಈ ಹಲಗಿ ಯಾರ್ ಬೋಟಿಂದ್?”

ವನಜ ತನ್ನ ಮೊಬೈಲಿನ ಫೋಟೋ ತೆಗೆದು ಪರದೆಯೊಡನೆ ಹೋಲಿಸಿ ನೋಡತೊಡಗಿದಳು.

“ನಮ್ದ್,” ಎಂದಳು ಗಿರಿಜ ಗೋಡೆಯ ಕಡೆಯಿಂದ. “ಮೊನ್ನೆ ಗಾಜ್ ಒಡ್ದ್ ಹೋಯ್ತ್. ಅವ್ರೇ ಹಲಗಿ ಹೊಡ್ದದ್, ನಾನೇ ಮೊಳೆ ಕೊಟ್ಟದ್. ನೀವ್ ಮೊದ್ಲ್ ತೋರ್ಸುವತಿಗೇ ನಂಗೆ ಹಲಗಿ ಅಂಚ್ ಕಂಡಿತ್, ಅಕ್ಕ. ಹೇಳುಕ್ ಬಾಯ್ ಬರ್ಲ.”

“ಎಂತಕೆ ಗಿರಿಜ? ನಿನ್ ಗಂಡ ಬಂದದ್ ಅಲ್ದಾ?”

“ಬಂದಿದ್ರ್. ಈಗ ದಡದಾಗೆ ಕೂಕಂಡಿದ್ರ್. ಜತಿ ಬೋಟ್ ಬರ್ಲ ಅಂತ ಗೊತ್ತಾರೆ ಅವ್ರ್ ಕೂಕಂಬ ಜನ ಅಲ್ಲ. ತಿರ್ಗಿ ಹೊರಡ್ತ್ರ್.” ಅವಳು ಕಿಟಕಿಯ ಕಡೆ ಕೈ ತೋರಿಸಿದಳು. “ಈ ಗಾಳಿಯಗೆ!”

ವನಜ ಎದ್ದು ಹೋಗಿ ಗಿರಿಜಳ ಎರಡೂ ಕೈ ಹಿಡಿದುಕೊಂಡಳು. ಏನು ಬೇಡಬೇಕೆಂದು ಅವಳಿಗೂ ತಿಳಿಯಲಿಲ್ಲ. ಗಂಡನನ್ನು ಕಳಿಸು ಎಂದು ಬೇಡುವುದು ಹೇಗೆ? ಬೇಡದೆ ಇರುವುದು ಹೇಗೆ? ನಾನು ಅಕ್ಕನಾಗಿ ನಿಂತಿದ್ದೆನೋ, ಕೆಲಸದವಳಾಗಿ ನಿಂತಿದ್ದೆನೋ ನನಗೇ ಗೊತ್ತಿಲ್ಲ. ಗಿರಿಜ ಒಂದು ಕೈ ಬಿಡಿಸಿಕೊಂಡು ಐತಾಳರ ಕಡೆ ಚಾಚಿದಳು.

“ಫೋನ್ ಮಾಡಿ ಕೊಡಿ. ನಾನೇ ಹೇಳ್ತೆ.”

ಐತಾಳರು ಹಂಗಾರಕಟ್ಟೆಯಿಂದ ಫೋನು ಬಂದಿದ್ದ ನಂಬರನ್ನೇ ಒತ್ತಿ ಕೊಟ್ಟರು. ಗಿರಿಜ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. “ಅದ್ ಸುಳ್. ರಾಘು ಬರ್ಲ,” ಎಂದಳು. ಆ ಕಡೆಯಿಂದ ಏನು ಕೇಳಿತೋ, “ಹ್ಞೂಂ. ಹೊರಡಿ,” ಎಂದು ಫೋನು ವಾಪಸು ಕೊಟ್ಟಳು. ಐತಾಳರು ಪಟ್ಟಿಯಲ್ಲಿ ರಾಘುವಿನ ಬೋಟಿನ ಗುರುತು ಅಳಿಸಿದರು. ಸುದ್ದಿ ಮೂರೂ ಕಡೆಗೆ ಹೋಯಿತು. ಗಂಗೊಳ್ಳಿಯಿಂದಲೂ ಎರಡು ದೊಡ್ಡ ಬೋಟುಗಳು ಹೊರಟವೆಂದು ಕೇಳಿದೆವು.

ಆ ರಾತ್ರಿಯ ಬಗ್ಗೆ ನಾನು ಬರೆಯುವುದಿಲ್ಲ. ಇಬ್ಬರು ಹೆಂಗಸರೂ ಮನೆಗೆ ಹೋಗಲಿಲ್ಲ ಎಂದಷ್ಟೇ ಹೇಳುತ್ತೇನೆ. ಗಿರಿಜ ವನಜಳಿಗೆ ಒತ್ತಾಯ ಮಾಡಿ ಗಂಜಿ ಕುಡಿಸಿದಳು. ತಾನು ಕುಡಿಯಲಿಲ್ಲ.

ಬೆಳಗಾದಾಗ ಗಾಳಿ ತಗ್ಗಿತ್ತು, ಕರೆಂಟು ಬಂದಿತ್ತು. ಗಂಗೊಳ್ಳಿ ಅಳಿವೆಯಿಂದ ಬಂದ ಒಂದು ಚಿತ್ರದ ಮೇಲೆ ಯಂತ್ರ ಎರಡು ಚೌಕ ಹಾಕಿ ತೋರಿಸಿತು. ಮುಂದೆ ಒಂದು ಹಸಿರು ಬೋಟು, ಹಿಂದೆ ಒಂದು ಹಸಿರು ಬೋಟು, ನಡುವೆ ಹಗ್ಗ. ಹಿಂದಿನದರ ಮೇಲಿನ ಗೂಡು ಮುರಿದು ಒಂದು ಬದಿಗೆ ವಾಲಿತ್ತು. ಇಂಜಿನು ನಿಂತು ಅಲೆಯ ಕೈಗೆ ಸಿಕ್ಕಿದ್ದ ರಾಘುವಿನ ಬೋಟನ್ನು ಭಾಸ್ಕರ ಎಳೆದು ತರುತ್ತಿದ್ದ.

ವನಜ ಪರದೆಗೆ ಮುಖ ತಾಗಿಸಿಕೊಂಡಳು. ರಾಘು ಯಾವಾಗಲೂ ತಲೆಗೆ ಕೆಂಪು ಬೈರಾಸು, ಅಂದರೆ ಟವೆಲು, ಸುತ್ತುತ್ತಾನೆ. ಹಿಂದಿನ ಬೋಟಿನಲ್ಲಿ ಕೂತಿದ್ದವರ ತಲೆಗಳನ್ನು ಅವಳು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಕೆಂಪು ಎಲ್ಲಿಯೂ ಇರಲಿಲ್ಲ. ಮುಂದಿನ ಚಿತ್ರ ತೆಗೆದೆ, ಅದರಲ್ಲಿಯೂ ಇರಲಿಲ್ಲ. ಬೋಟು ಸಿಕ್ಕಿತು, ತಮ್ಮ ಸಿಗಲಿಲ್ಲ. ಕೊಡೇರಿಯಲ್ಲಿಯೂ ದೋಣಿ ಮಾತ್ರ ಸಿಕ್ಕಿತ್ತು. ಯಂತ್ರದ ಹತ್ತಿರ ನಾವು ಕೇಳಿದ್ದು ಬೋಟನ್ನು, ಅದು ಬೋಟನ್ನೇ ಕೊಟ್ಟಿತ್ತು. ಮನುಷ್ಯರನ್ನು ಯಾರೂ ಕೇಳಿರಲಿಲ್ಲ.

“ಇಲ್ಲ್ ಕಾಣ್,” ಎಂದಳು ಗಿರಿಜ. ಅವಳು ನೋಡುತ್ತಿದ್ದದ್ದು ಮುಂದಿನ ಬೋಟನ್ನು, ತನ್ನ ಗಂಡನ ಬೋಟನ್ನು. ಹಲಗೆ ಹೊಡೆದ ಕಿಟಕಿಯ ಪಕ್ಕದಲ್ಲಿ, ಹಗ್ಗದ ತುದಿ ಹಿಡಿದು ಹಿಂದಕ್ಕೆ ನೋಡುತ್ತ ನಿಂತವನ ತಲೆಯಲ್ಲಿ ಕೆಂಪು ಬೈರಾಸು. “ನಿನ್ ಗಂಡ ನನ್ ಗಂಡನ ಬೋಟಗೆ ಇದ್ರ್. ನೀ ನಿನ್ ಬೋಟ್ ಮಾತ್ರ ಕಾಂತಿದ್ದೆ ಮಾರಾಯ್ತಿ.”

ಆಮೇಲೆ ಅವಳು ನೆಲದಲ್ಲಿ ಕೂತಳು. ಗೋಡೆಗೆ ಒರಗಿ ನಿಂತೇ ಇದ್ದ ಗಟ್ಟಿ ಹೆಂಗಸು ಅತ್ತದ್ದು ಆಗಲೇ.

ಮೊದಲು ಸಿಕ್ಕಿದ್ದಕ್ಕೆ ನಿಲ್ಲುವ ನಿಯಮ ಮತ್ತೆ ನಮ್ಮ ಕಚೇರಿಗೆ ಬರಲಿಲ್ಲ. ಒಂದೇ ಚಿತ್ರ ಎರಡು ಪ್ರಶ್ನೆಗೆ ಉತ್ತರವಾಗಿ ಬಂದರೆ ಯಂತ್ರ ತಾನಾಗಿಯೇ ಕೂಗಿ ಹೇಳುವ ಹಾಗೆ ಐತಾಳರೇ ಕೂತು ಬರೆದರು. ಪಾಲುಗಳನ್ನು ಸಮ ಮಾಡಿದ ಮೇಲೆ ಪೂರ್ತಿ ಹುಡುಕಾಟವೇ ಹಿಂದಿನ ಅರ್ಧಂಬರ್ಧ ಹುಡುಕಾಟದಷ್ಟು ಬೇಗ ಮುಗಿಯತೊಡಗಿತು. ಅವಸರಕ್ಕೂ ವೇಗಕ್ಕೂ ಇರುವ ವ್ಯತ್ಯಾಸ ಅಷ್ಟೇ. ಜತೆ ಬೋಟುಗಳಿಗೆ ಬೇರೆ ಬೇರೆ ಬಣ್ಣ ಬಳಿಯಿರಿ ಎಂದು ಐತಾಳರು ಸಂಘದಲ್ಲಿ ಕೇಳಿನೋಡಿದರು. ಯಾರೂ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ ಎಂದು ಈಗ ಅನಿಸುತ್ತದೆ, ಆ ಬಣ್ಣದ ಋಣಕ್ಕಲ್ಲವೇ ಭಾಸ್ಕರ ಮತ್ತೆ ಹೊರಟದ್ದು? ಬದಲಾಗಬೇಕಾದದ್ದು ನಮ್ಮ ಯಂತ್ರ, ಅವರ ಪ್ರಮಾಣವಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಗಂಗೊಳ್ಳಿಗೆ ಮೀನಿಗೆ ಹೋಗಿದ್ದೆ. ಗಿರಿಜ ಒಳ್ಳೆಯ ಅಂಜಲ್ ಆರಿಸಿ ಚೀಲಕ್ಕೆ ಹಾಕಿದಳು. ನನ್ನ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಹೊಸ ಮಕ್ಕಳು ಬಂದಿದ್ದಾರೆ, ಚುರುಕಿನವರು, ನನಗ್ಯಾಕೋ ಅವರ ಚುರುಕು ಕಂಡರೆ ಹೆದರಿಕೆ ಎಂದೆ. ಆಮೇಲೆ, ಎಷ್ಟೋ ದಿನದಿಂದ ಗಂಟಲಲ್ಲೇ ಉಳಿದಿದ್ದ ಮಾತನ್ನು ಹೇಳಿದೆ.

“ಆ ದಿನ ನೀ ಬಾಯಿ ಬಿಟ್ಟದ್ದಕ್ಕೆ ನನ್ ತಮ್ಮ ಉಳ್ದ, ಗಿರಿಜ.”

ಅವಳು ಮೀನಿನ ಚೂರಿ ಕೆಳಗಿಟ್ಟಳು. ಸುತ್ತ ಹೆಂಗಸರು ರಾಶಿಯ ಮುಂದೆ ಕೂತು ತಮ್ಮ ತಮ್ಮ ಬುಟ್ಟಿ ತುಂಬುತ್ತಿದ್ದರು.

“ಆ ದಿನ ಹೇಳ್ದೆ, ಅಕ್ಕ. ಇನ್ನೊಂದ್ ಸಲ ಹೇಳ್ತೆ ಅಂತ ನಂಗೇ ಧೈರ್ಯ ಇಲ್ಲ. ನಿಮ್ ಮಕ್ಕಳಿಗೆ ಹೇಳಿ, ಮಿಷನ್ ಸಮಾ ಮಾಡಿ ಇಟ್ಕಣ್ಲಿ. ನನ್ನ ಹತ್ರ ಮತ್ತೆ ಕೇಳುದ್ ಬೇಡ.”